ಭಕ್ತನ ಪಾಲು

ನಮ್ಮ ಹುಣಸೂರು-ಪಿರಿಯಾಪಟ್ಟಣ ಸೀಮೆಯ ಗೃಹಸ್ಥರೊಬ್ಬರು ಎರಡು ವರ್ಷಗಳಿಂದ ಮಠದ ಕಡೆ ಸುಳಿದಿರಲಿಲ್ಲ. ಹಿಂದೆ ಸೋಮವಾರದ ವಚನಪಾಠಕ್ಕೆ ತಪ್ಪದೆ ಬರುತ್ತಿದ್ದವರು. ಸಂತೆಯಲ್ಲಿ ಕಂಡಾಗ ಕಾರಣವನ್ನು ಕೇಳಿದೆನು. ಅವರು ತಲೆ ತಗ್ಗಿಸಿ, “ಹೊಗೆಸೊಪ್ಪು ಕೈಕೊಟ್ಟಿತು, ಮೇಷ್ಟ್ರೇ. ಸಾಲ ಇನ್ನೂ ತೀರಿಲ್ಲ. ಬರಿಗೈಯಲ್ಲಿ ಬುದ್ಧಿಯವರ ಮುಂದೆ ಹೇಗೆ ನಿಲ್ಲಲಿ? ಧರ್ಮ ನಡೆಸುವವರು ಅವರು; ಕಾಣಿಕೆ ಕೊಡುವುದಷ್ಟೇ ನಮ್ಮ ಪಾಲು. ಅದೂ ಆಗದ ಮೇಲೆ ಅಲ್ಲಿ ನಮಗೇನು ಕೆಲಸ?” ಎಂದರು. ಈ ಮಾತು ನನ್ನ ಮನಸ್ಸನ್ನು ಬಹುದಿನ ಕೊರೆಯಿತು. ಭಕ್ತನ ಪಾಲು ಯಾವುದೆಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

‘ಭಕ್ತ’ ಎಂಬ ಪದವು ‘ಭಜ್’ ಧಾತುವಿನಿಂದ ಬಂದುದು. ಆ ಧಾತುವಿಗೆ ಸೇವಿಸು ಎಂಬ ಅರ್ಥವಿರುವಂತೆಯೇ ಹಂಚಿಕೊಳ್ಳು, ಪಾಲುಗೊಳ್ಳು ಎಂಬ ಅರ್ಥವೂ ಉಂಟು. ಆದುದರಿಂದ ಭಕ್ತನೆಂದರೆ ಧರ್ಮದಲ್ಲಿ ಪಾಲುಳ್ಳವನು. ಷಟ್‌ಸ್ಥಲಗಳಲ್ಲಿ ಭಕ್ತಸ್ಥಲವೇ ಮೊದಲನೆಯದು. ಮಹೇಶಾದಿ ಐದು ಸ್ಥಲಗಳೂ ಅದರ ಮೇಲೆಯೇ ನಿಂತಿವೆ. ತಳಹದಿಯನ್ನು ಕೀಳೆಂದು ಮನೆ ಕಟ್ಟಿದವನಾರೂ ಎಣಿಸುವುದಿಲ್ಲ.

ಇಷ್ಟಲಿಂಗದ ಮರ್ಮವೂ ಇದೇ. ಗುರುವು ಲಿಂಗವನ್ನು ಕರುಣಿಸುತ್ತಾನೆ. ಜಂಗಮನು ದಾರಿಯನ್ನು ತೋರುತ್ತಾನೆ. ಪೂಜೆಯನ್ನಾದರೋ ಸ್ತ್ರೀಯಾಗಲಿ ಪುರುಷನಾಗಲಿ ತನ್ನ ಕರಸ್ಥಲದಲ್ಲಿ ತಾನೇ ಮಾಡತಕ್ಕದ್ದು. ನಮ್ಮ ಹಸಿವಿಗೆ ಇನ್ನೊಬ್ಬರು ಉಂಡರೆ ತೀರುವುದೆ?

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು, ಸಂಸಾರಿಗಳು. ಮಾಚಯ್ಯಗಳು ಬಟ್ಟೆ ಮಡಿ ಮಾಡುತ್ತಿದ್ದರು; ಚೌಡಯ್ಯಗಳು ದೋಣಿ ನಡೆಸುತ್ತಿದ್ದರು; ಚಂದಯ್ಯಗಳು ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದರು. ಇವರು ಕಸುಬನ್ನು ಬಿಟ್ಟು ಅನುಭಾವಿಗಳಾದವರಲ್ಲ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವು ನಮ್ಮ ಪ್ರಶ್ನೆಗೆ ನೇರವಾದ ಉತ್ತರ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ; ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದಳು. ಅಳತೆ ಹೆಚ್ಚಿದರೆ ದಾಸೋಹ ಹಿರಿದಾಗುವುದೆಂದು ಆ ತಾಯಿ ಬಗೆಯಲಿಲ್ಲ. ಹಾಗಾದರೆ ಅಳತೆ ಕುಗ್ಗಿದವನು ನಾಚಬೇಕಾದುದೇಕೆ? ಸಾಲ ಮಾಡಿ ಜಾತ್ರೆಯಲ್ಲಿ ಮೆರೆಸಿದ ಕಾಣಿಕೆಗಿಂತ, ಬೆವರಿನಿಂದ ಬಂದ ಒಂದು ಹಿಡಿ ರಾಗಿಯೇ ಲಿಂಗಕ್ಕೆ ಸಲ್ಲುವುದು.

ಸಮೀಪದ ಕಾಲದ ನಿದರ್ಶನವೂ ಉಂಟು. ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದ ಫ.ಗು. ಹಳಕಟ್ಟಿಯವರು ಪೀಠಾಧಿಪತಿಗಳಲ್ಲ, ವಿಜಯಪುರದ ವಕೀಲರು, ಗೃಹಸ್ಥರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಇಂದು ನಾವು ಮಠಗಳಲ್ಲಿ ಪಠಿಸುವ ವಚನಗಳು ಕೈಗೆ ಬಂದುದರಲ್ಲಿ ಆ ಭಕ್ತನ ದುಡಿಮೆಯ ಋಣ ದೊಡ್ಡದು.

ಇಲ್ಲಿ ನಮ್ಮಂತಹ ಉಪದೇಶಕರ ತಪ್ಪನ್ನೂ ಹೇಳಬೇಕು. ಸಭೆಯಲ್ಲಿ ಕಾಣಿಕೆ ಕೊಟ್ಟವರ ಹೆಸರನ್ನು ಗಟ್ಟಿಯಾಗಿ ಓದುತ್ತೇವೆ. ಪಂಕ್ತಿಗೆ ನೀರು ಬಡಿಸಿದವನನ್ನು ವಿಚಾರಿಸುವುದಿಲ್ಲ. ಬಡ ಭಕ್ತನಿಗೆ ನಾಚಿಕೆಯನ್ನು ಕಲಿಸಿದವರು ನಾವೇ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಿಂದ ಕೃಷ್ಣರಾಜನಗರದ ಕಾಲುವೆ ಬಯಲಿನವರೆಗೆ ಎಲ್ಲ ಊರಿಗೂ ನಿತ್ಯವೂ ಸ್ವಾಮಿಗಳು ಬರಲಾಗದು. ಮಕ್ಕಳಿಗೆ ಲಿಂಗಪೂಜೆಯ ಕ್ರಮವನ್ನು ತೋರುವುದು, ವಾರಕ್ಕೊಂದು ವಚನವನ್ನು ಕೂಡಿ ಓದುವುದು, ಸಾವಿನ ಮನೆಯಲ್ಲಿ ಜೊತೆಗೆ ನಿಲ್ಲುವುದು — ಇವು ಭಕ್ತರೇ ನಡೆಸತಕ್ಕವು. ಇವುಗಳಿಗೆ ಹಣ ಬೇಡ.

ಇಷ್ಟನ್ನು ಆ ಗೃಹಸ್ಥರಿಗೆ ಹೇಳಿ, “ನಿಮಗೆ ನೂರಾರು ವಚನಗಳು ಕಂಠಪಾಠವಾಗಿವೆ. ಅವನ್ನು ಯಾರ ಸಾಲಕ್ಕೆ ಒತ್ತೆಯಿಟ್ಟಿದ್ದೀರಿ?” ಎಂದು ಕೇಳಿದೆನು. ಅವರು ನಕ್ಕರು. ಮುಂದಿನ ಸೋಮವಾರ ಊರಿನ ಐದು ಮಕ್ಕಳನ್ನು ಕರೆದುಕೊಂಡು ಮಠಕ್ಕೆ ಬಂದರು. ಕೈ ಬರಿದಾಗಿಯೇ ಇತ್ತು. ಅಂದಿನ ಪಾಠವನ್ನು ಅವರಿಂದಲೇ ಹೇಳಿಸಿ, ನಾನು ಮಕ್ಕಳ ಸಾಲಿನಲ್ಲಿ ಕುಳಿತು ಕೇಳಿದೆನು.