ಮೇಲ್ ಸೆಟ್ಟಿಂಗ್ ಸರಿಪಡಿಸಿ, ಗುಟ್ಟು ಉಳಿಸಿ

ಬ್ರೌಸರ್‌ನಲ್ಲಿ ಬೀಗದ ಗುರುತು ಹುಡುಕುವವರೂ ಔಟ್‌ಲುಕ್, ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶಗಳ ಸೆಟ್ಟಿಂಗ್ ತೆರೆದು ನೋಡುವುದಿಲ್ಲ. ಕಚೇರಿಯ ಹುಡುಗ ಎಂದೋ ಹಾಕಿಕೊಟ್ಟದ್ದು ಹಾಗೇ ನಡೆಯುತ್ತಿರುತ್ತದೆ.

1. ಪೋರ್ಟ್ ಸಂಖ್ಯೆ ನೋಡಿ. 143 ಅಥವಾ 110 ಇದ್ದು, ಕನೆಕ್ಷನ್ ಸೆಕ್ಯುರಿಟಿ ಎಂಬಲ್ಲಿ ಏನನ್ನೂ ಆರಿಸಿರದಿದ್ದರೆ ನಿಮ್ಮ ಪತ್ರಗಳು ಬಟಾಬಯಲಲ್ಲಿ ಓಡಾಡುತ್ತಿವೆ. ಐಮ್ಯಾಪ್‌ಗೆ 993, ಪಾಪ್‌ಗೆ 995, ಕಳಿಸುವುದಕ್ಕೆ 465 ಹಾಕಿ, ದಾರಿಯುದ್ದಕ್ಕೂ ಗೂಢಲಿಪಿ ಹಾಕುವ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಿ. ಫೋನಿನಲ್ಲೂ ಅಷ್ಟೇ, ಅದನ್ನು ಮರೆಯುವವರೇ ಹೆಚ್ಚು.

2. ಬೇಸ್64 ಕಂಡು ಮೋಸಹೋಗಬೇಡಿ. ತೆರೆದ ಸಂಪರ್ಕದಲ್ಲಿ ಈ ಬರಹಕ್ರಮದಲ್ಲಿ ಹೋಗುವ ಪಾಸ್‌ವರ್ಡ್ ಅರ್ಥವಾಗದ ಅಕ್ಷರಗಳಂತೆ ಕಂಡರೂ ಅದು ಗೂಢಲಿಪಿಯಲ್ಲ. ಅದೇ ವೈಫೈನಲ್ಲಿ ಕೂತು ದತ್ತಾಂಶ ಹಿಡಿಯಬಲ್ಲವನು ವೈರ್‌ಶಾರ್ಕ್‌ನಂಥ ಉಚಿತ ತಂತ್ರಾಂಶದಿಂದ ಕ್ಷಣದಲ್ಲಿ ಬಿಡಿಸುತ್ತಾನೆ.

3. ‘ಸಿಕ್ಕರೆ ಟಿಎಲ್‌ಎಸ್’ ಬೇಡ. ಸ್ಟಾರ್ಟ್‌ಟಿಎಲ್‌ಎಸ್ ವಿಧಾನದಲ್ಲಿ ಸಂಪರ್ಕ ತೆರೆದೇ ಶುರುವಾಗುತ್ತದೆ. ‘ನನಗೆ ಗೂಢಲಿಪಿ ಬರುತ್ತದೆ’ ಎಂದು ಸರ್ವರ್ ಹೇಳಿದ ಮೇಲಷ್ಟೇ ಬೀಗ. ನಡುವೆ ಕೂತವನು ಆ ಒಂದು ಸಾಲನ್ನು ಅಳಿಸಿದರೆ? ಕಟ್ಟುನಿಟ್ಟಿನ ತಂತ್ರಾಂಶ ಅಲ್ಲೇ ನಿಲ್ಲುತ್ತದೆ. ‘ಸಿಕ್ಕರೆ’ ಎನ್ನುವಂಥದ್ದು ಪಾಸ್‌ವರ್ಡನ್ನು ಹಾಗೇ ಒಪ್ಪಿಸಿಬಿಡುತ್ತದೆ, ನಿಮಗೆ ಸುಳಿವೂ ಇಲ್ಲ. ಈ ಆಯ್ಕೆ ಹಿಂದೆ ಥಂಡರ್‌ಬರ್ಡ್‌ನಲ್ಲೂ ಇತ್ತು, ಆಮೇಲೆ ತೆಗೆದರು. ಮೊದಲ ಕ್ಷಣದಿಂದಲೇ ಟಿಎಲ್‌ಎಸ್ ಇರಲಿ ಎಂದು ಅಂತರ್ಜಾಲದ ಮಾನದಂಡ ಆರ್‌ಎಫ್‌ಸಿ 8314 ಹೇಳಿದ್ದು 2018ರಲ್ಲಿ. 2021ರಲ್ಲಿ ಜರ್ಮನಿಯ ಸಂಶೋಧಕರು ಮೇಲ್ ತಂತ್ರಾಂಶ ಮತ್ತು ಸರ್ವರ್‌ಗಳ ಸ್ಟಾರ್ಟ್‌ಟಿಎಲ್‌ಎಸ್‌ನಲ್ಲಿ 40ಕ್ಕೂ ಹೆಚ್ಚು ದೋಷ ಹೆಕ್ಕಿ ತೋರಿಸಿದರು. ನನ್ನನ್ನು ಕೇಳಿದರೆ, ಪಾಸ್‌ವರ್ಡ್ ಹೀಗೆ ಒಪ್ಪಿಸುವುದಕ್ಕಿಂತ ಸಂಪರ್ಕವೇ ಸಿಗದಿರುವುದು ವಾಸಿ.

4. ಸರ್ಟಿಫಿಕೇಟ್ ಎಚ್ಚರಿಕೆ ಬಂದಾಗ ‘ಒಪ್ಪುತ್ತೇನೆ’ ಒತ್ತಬೇಡಿ. ಹೋಟೆಲ್ ವೈಫೈನ ಲಾಗಿನ್ ಪುಟ ಅಡ್ಡ ಬಂದಿರಬಹುದು, ಕಳ್ಳನೂ ಇರಬಹುದು. ಮೊಬೈಲ್ ಡೇಟಾಕ್ಕೆ ಬದಲಿಸಿ ನೋಡಿ.

5. ದೂರದ ಚಿತ್ರಗಳನ್ನು ತಡೆಯಿರಿ. ಜಾಹೀರಾತು ಮೇಲ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚಿತ್ರ ಸಾಕು: ನೀವು ತೆರೆದ ಹೊತ್ತು, ನಿಮ್ಮ ಐಪಿ ವಿಳಾಸ ಕಳಿಸಿದವನಿಗೆ ತಲುಪುತ್ತವೆ. ಜಿಮೇಲ್ 2013ರಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕವೇ ತೋರಿಸುತ್ತದೆ. ಕಂಪ್ಯೂಟರಿನ ತಂತ್ರಾಂಶ ಸಾಮಾನ್ಯವಾಗಿ ನೇರವಾಗಿ ಹೋಗಿ ತರುತ್ತದೆ.

6. ಟಿಎಲ್‌ಎಸ್ ದಾರಿಗಷ್ಟೇ ಕಾವಲು. ಸರ್ವರ್ ಒಳಗೆ ಪತ್ರ ಓದುವಂತೆಯೇ ಇರುತ್ತದೆ. ಒಳಗಿನ ಮಾತೂ ಮುಚ್ಚಿರಬೇಕಾದರೆ ಓಪನ್‌ಪಿಜಿಪಿ ಬಳಸಿ; 2020ರ ಥಂಡರ್‌ಬರ್ಡ್ 78ರಿಂದ ಅದು ಒಳಗೇ ಇದೆ. ಯಾರಿಗೆ, ಯಾವಾಗ ಬರೆದಿರಿ ಎಂಬುದನ್ನು ಅದೂ ಮುಚ್ಚದು.

7. ಎಲ್ಲ ಸರಿಪಡಿಸಿದ ಮೇಲೆ ಪಾಸ್‌ವರ್ಡ್ ಬದಲಿಸಿ. ಮೊದಲೇ ಬದಲಿಸಿದರೆ ಹೊಸದೂ ಅದೇ ಬಯಲಿನಲ್ಲಿ ಹೋಗುತ್ತದೆ. ಹಳೆಯದನ್ನೇ ಬೇರೆ ಖಾತೆಗೂ ಇಟ್ಟಿದ್ದರೆ ಅಲ್ಲೂ ಇವತ್ತೇ ಬದಲಾಯಿಸಿ.