ಕೆಚ್ಚಲು ಬಾವು: ಮೊಬೈಲ್‌ನಲ್ಲಿ ಹುಡುಕುವ ಮುನ್ನ ಮಾತನಾಡಿ



ಇಂಟರ್‌ನೆಟ್ ಇರುವ ಮೊಬೈಲ್ ಇಂದು ಕೊಟ್ಟಿಗೆಯವರೆಗೂ ಬಂದಿದೆ. ರಾಸುಗಳ ಪಾಲನೆಗೆ ಅದು ನೆರವಾಗಬೇಕು, ಅಡ್ಡಿಯಾಗಬಾರದು.

ನಮ್ಮ ಸದಸ್ಯರೊಬ್ಬರ ಮಿಶ್ರತಳಿ ಹಸುವಿನ ಹಾಲಿನಲ್ಲಿ ಒಂದು ಬೆಳಿಗ್ಗೆ ಗರಣೆ ಕಂಡಿತು. ಅವರು ಮೊಬೈಲ್‌ನಲ್ಲಿ ಮನೆಮದ್ದಿನ ವಿಡಿಯೊ ನೋಡಿದರು. ಅದು ಮುಗಿಯುತ್ತಲೇ ಇನ್ನೊಂದು ಬಂತು, ಮತ್ತೊಂದು ಬಂತು. ಹಚ್ಚಿದ್ದೂ ಆಯಿತು, ಕುಡಿಸಿದ್ದೂ ಆಯಿತು. ಮೂರನೆಯ ದಿನ ನನಗೆ ಫೋನ್ ಮಾಡಿದರು. ಅಷ್ಟರಲ್ಲಿ ಕೆಚ್ಚಲಿನ ಒಂದು ಭಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಹಸು ಉಳಿಯಿತು, ಆದರೆ ಆ ಮೊಲೆಯಲ್ಲಿ ಮತ್ತೆ ಹಾಲು ಬರಲಿಲ್ಲ. ನನ್ನ ನಂಬರು ಅದೇ ಮೊಬೈಲ್‌ನಲ್ಲಿತ್ತು!

ಈ ವಿಡಿಯೊಗಳನ್ನು ಒಂದರ ಹಿಂದೆ ಒಂದರಂತೆ ಆರಿಸಿ ಕೊಡುವುದು ಪಶುವೈದ್ಯರಲ್ಲ, ಕಂಪ್ಯೂಟರಿನ ಲೆಕ್ಕಾಚಾರ. ನೀವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೀರೋ ಅಂಥದನ್ನೇ ಅದು ಮತ್ತೆ ಮುಂದಿಡುತ್ತದೆ. ನಿಮ್ಮ ಹಸು ಕರು ಹಾಕಿ ಎಷ್ಟು ದಿನವಾಯಿತು, ಜ್ವರವಿದೆಯೇ ಎಂದು ಅದು ಕೇಳುವುದಿಲ್ಲ. ವೈದ್ಯರು ಕೇಳುತ್ತಾರೆ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿರಿ. ಗರಣೆ ಅಥವಾ ರಕ್ತ ಕಂಡರೆ, ಹಾಲು ನೀರಾಗಿದ್ದರೆ ಫೋಟೊ ತೆಗೆಯಿರಿ.

2. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಪಶುವೈದ್ಯರಿಗೆ ಕಳುಹಿಸಿ, ಕೂಡಲೇ ಫೋನನ್ನೂ ಮಾಡಿರಿ. ಯಾವ ಮೊಲೆ, ಯಾವಾಗಿನಿಂದ, ಕರು ಹಾಕಿದ ದಿನಾಂಕ, ಮೇವು ತಿನ್ನುತ್ತಿದೆಯೇ ಎಂಬುದನ್ನು ತಿಳಿಸಿರಿ. ಫೋಟೊ ನೋಡಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯದು. ವೈದ್ಯರು ಹಸುವನ್ನು ಮುಟ್ಟಿ ನೋಡಬೇಕು.

3. ಕೆಚ್ಚಲು ಬಿಸಿಯಾಗಿ ಊದಿ, ಹಸು ಮೇವು ಬಿಟ್ಟರೆ ಅದು ತುರ್ತು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಬಹುದು.

4. ಹಾಲು ಹಿಂಡುವಾಗ ಮೊಬೈಲ್ ದೂರವಿಡಿರಿ. ಹಸು ಹಾಲು ಇಳಿಸಿದ ಮೇಲೆ 5ರಿಂದ 7 ನಿಮಿಷಗಳಲ್ಲಿ ಪೂರ್ತಿ ಹಿಂಡಬೇಕು. ಕೆಚ್ಚಲಿನಲ್ಲಿ ಉಳಿದ ಹಾಲು ಬಾವಿಗೆ ದಾರಿಯಾಗುತ್ತದೆ.

5. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬೇಡಿರಿ.

6. ಸಂಘದ ವಾಟ್ಸ್‌ಆ್ಯಪ್ ಗುಂಪನ್ನು ಲಸಿಕೆಯ ದಿನ, ಮೇವಿನ ಲಭ್ಯತೆ, ಊರಿನ ರಾಸುಗಳ ಕಾಯಿಲೆಯ ಸುದ್ದಿಗೆ ಮೀಸಲಿಡಿರಿ. ಶುಭೋದಯದ ಚಿತ್ರಗಳ ನಡುವೆ ಲಸಿಕೆಯ ದಿನಾಂಕ ಮುಳುಗಿಹೋಗಬಾರದು.

ಇಂದೇ ಮನೆಮಂದಿಯ ಎಲ್ಲ ಮೊಬೈಲ್‌ಗಳಲ್ಲೂ ಪಶುವೈದ್ಯರ ಮತ್ತು ಸಂಘದ ಕಾರ್ಯದರ್ಶಿಯವರ ನಂಬರು ಬರೆದುಕೊಳ್ಳಿರಿ. ಬೆಳಿಗ್ಗೆ ಗರಣೆ ಕಂಡರೆ ಬೆಳಿಗ್ಗೆಯೇ ಕರೆಯಿರಿ.

– ಪಶುವೈದ್ಯ ವಿಸ್ತರಣಾಧಿಕಾರಿ