ಕಣಗಳಿಂದ ಕಟ್ಟಿದ ಟೊಳ್ಳು ಸಂಪುಟ

ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಬೇರೊಬ್ಬರ ದೇಹದಿಂದ ಪಡೆದು ಮಧುಮೇಹ ರೋಗಿಯ ಶರೀರದಲ್ಲಿ ನೆಲೆಗೊಳಿಸಿದರೆ, ರೋಗಿಯ ರಕ್ಷಣಾ ವ್ಯವಸ್ಥೆಯು ಅವುಗಳನ್ನು ಪರಕೀಯವೆಂದು ಬಗೆದು ನಾಶಮಾಡಲು ಹವಣಿಸುತ್ತದೆ. ಅವುಗಳನ್ನು ಪುಟ್ಟ ಸಂಪುಟದೊಳಗಿರಿಸಿ ಕಾಪಾಡಬಹುದಲ್ಲವೆ? ಆದರೆ ಪೂರ್ತಿ ಮುಚ್ಚಿದ ಸಂಪುಟದೊಳಕ್ಕೆ ಆಮ್ಲಜನಕವಾಗಲಿ ಸಕ್ಕರೆಯಾಗಲಿ ಹೋಗದು, ಇನ್ಸುಲಿನ್ ಹೊರಬರದು. ಗೋಡೆ ಗಟ್ಟಿಯಾಗಿಯೂ ಇರಬೇಕು, ಜರಡಿಯಂತೆಯೂ ಇರಬೇಕು. ಅಂತಹ ಗೋಡೆಯನ್ನು ಕಟ್ಟುವ ಒಂದು ವಿಧಾನವನ್ನು ನಾವು ಇಲ್ಲಿ ಪರಿಶೀಲಿಸೋಣ.

ಎಣ್ಣೆಯನ್ನೂ ನೀರನ್ನೂ ಕೂಡಿಸಿ ಕುಲುಕಿದರೆ ಹನಿಗಳುಂಟಾಗಿ, ಸ್ವಲ್ಪ ಹೊತ್ತಿನಲ್ಲಿಯೇ ಅವು ಒಂದುಗೂಡುತ್ತವೆ. ನುಣ್ಣನೆಯ ಕಣಗಳು ಹನಿಗಳ ಮೇಲ್ಮೈಯನ್ನು ಆವರಿಸಿ ಇದನ್ನು ತಡೆಯಬಲ್ಲವೆಂಬುದನ್ನು ಇಂಗ್ಲೆಂಡಿನಲ್ಲಿ ರಾಮ್ಸ್‌ಡನ್ ೧೯೦೩ರಲ್ಲಿಯೂ ಪಿಕರಿಂಗ್ ೧೯೦೭ರಲ್ಲಿಯೂ ವಿವರಿಸಿದರು. ಎಣ್ಣೆ ನೀರುಗಳು ಸಂಧಿಸುವ ಮೇಲ್ಮೈ ಹೆಚ್ಚಿದಷ್ಟೂ ಶಕ್ತಿ ಹೆಚ್ಚು ಬೇಕು. ಕಣವೊಂದು ಅಲ್ಲಿ ನೆಲೆಸಿದರೆ ಅಷ್ಟು ಮೇಲ್ಮೈ ಮರೆಯಾಗಿ ಶಕ್ತಿಯು ಉಳಿತಾಯವಾಗುತ್ತದೆ. ಆದುದರಿಂದ ಕಣಗಳನ್ನು ಯಾರೂ ಜೋಡಿಸಬೇಕಾಗಿಲ್ಲ. ಅವು ತಾವಾಗಿಯೇ ಸಾಲುಗೂಡುತ್ತವೆ.

ಈ ತತ್ತ್ವದಿಂದ ೧೯೯೬ರಲ್ಲಿ ವೆಲೆವ್ ಮತ್ತು ಸಂಗಡಿಗರು ಟೊಳ್ಳು ಗೋಳಗಳನ್ನು ಪಡೆದರು. ೨೦೦೨ರಲ್ಲಿ ಅಮೆರಿಕದ ಡಿನ್ಸ್‌ಮೋರ್, ವೈಟ್ಸ್ ಮೊದಲಾದವರು ಈ ಕೆಲಸವನ್ನು ಮುಂದುವರಿಸಿ, ಸಂಪುಟಕ್ಕೆ ‘ಕೊಲಾಯ್ಡೋಸೋಮ್’ ಎಂದು ಹೆಸರಿಟ್ಟರು. ಪಾಲಿಸ್ಟೈರೀನ್ ಕಣಗಳು ಬೆರೆತ ಎಣ್ಣೆಯಲ್ಲಿ ನೀರಿನ ಹನಿಗಳನ್ನು ಚದುರಿಸಿದಾಗ ಕಣಗಳು ಹನಿಯನ್ನು ಮುತ್ತುತ್ತವೆ. ಪಾಲಿಸ್ಟೈರೀನ್ ಸುಮಾರು ೧೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುವುದರಿಂದ, ಅದಕ್ಕಿಂತ ತುಸು ಹೆಚ್ಚು ಕಾಯಿಸಿದರೆ ನೆರೆಯ ಕಣಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ನೀರು ಕುದಿಯದಂತೆ ಅದಕ್ಕೆ ಗ್ಲಿಸರಿನ್ ಬೆರೆಸಬಹುದು. ಬಳಿಕ ಎಣ್ಣೆಯನ್ನು ತೊಳೆದು ತೆಗೆದರೂ ಚಿಪ್ಪು ಉಳಿಯುತ್ತದೆ. ಜೀವಕೋಶಗಳು ಈ ಶಾಖವನ್ನು ತಾಳಲಾರವು. ಅವುಗಳಿರುವಲ್ಲಿ ಋಣ ವಿದ್ಯುದಂಶವುಳ್ಳ ಕಣಗಳನ್ನು ಧನ ವಿದ್ಯುದಂಶವುಳ್ಳ ಪಾಲಿಲೈಸೀನಿನ ಉದ್ದನೆಯ ಅಣುಗಳಿಂದ, ಕಾಯಿಸದೆಯೇ, ಬಂಧಿಸಬಹುದು.

ಇನ್ನು ರಂಧ್ರಗಳ ವಿಚಾರ. ಸಮನಾದ ಮೂರು ನಿಂಬೆಹಣ್ಣುಗಳನ್ನು ಒಂದಕ್ಕೊಂದು ತಾಗಿಸಿಟ್ಟರೆ ನಡುವಿನ ಸಂದಿಯಲ್ಲಿ ಕಡಲೆಕಾಳೊಂದು ತೂರಬಹುದು. ಲೆಕ್ಕಕ್ಕೆ, ತೂರುವ ಗೋಳದ ವ್ಯಾಸವು ದೊಡ್ಡ ಗೋಳದ ವ್ಯಾಸದಲ್ಲಿ ನೂರಕ್ಕೆ ಸುಮಾರು ೧೫ರಷ್ಟು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ೦.೯ ಮೈಕ್ರಾನಿನ ಕಣಗಳ ನಡುವೆ ೦.೧೪ ಮೈಕ್ರಾನಿನ ದಾರಿ ಉಳಿಯುತ್ತದೆ. ಹೆಚ್ಚು ಹೊತ್ತು ಕಾಯಿಸಿದಂತೆಲ್ಲ ಅದು ಕಿರಿದಾಗಿ ಕೊನೆಗೆ ಮುಚ್ಚಿಹೋಗುತ್ತದೆ.

ನಮ್ಮ ಜೀವಕೋಶಗಳಿಗೆ ಈ ಜರಡಿ ಸಾಕೆ? ಅವುಗಳ ಮೇಲೆರಗುವ ಪ್ರತಿಕಾಯದ ಅಗಲ ಸುಮಾರು ೦.೦೧ ಮೈಕ್ರಾನ್, ೦.೧೪ ಮೈಕ್ರಾನಿನ ದಾರಿಯಲ್ಲಿ ಅದು ನಿರಾತಂಕವಾಗಿ ನುಸುಳುತ್ತದೆ. ಅದನ್ನು ತಡೆಯಬೇಕಾದರೆ ಕಣಗಳು ೦.೦೬ ಮೈಕ್ರಾನಿನಷ್ಟು ಕಿರಿದಾಗಬೇಕು. ಆಗಲೂ ಸಕ್ಕರೆ ಮತ್ತು ಇನ್ಸುಲಿನ್ ಅಣುಗಳಿಗೆ ಅಡ್ಡಿಯಿಲ್ಲ, ಏಕೆಂದರೆ ಅವು ಇನ್ನೂ ಚಿಕ್ಕವು. ಆದರೆ ಚಿಪ್ಪಿನ ದಪ್ಪವೆಂದರೆ ಒಂದೇ ಕಣದ ದಪ್ಪ. ಕಣ ಕಿರಿದಾದಂತೆ ಜರಡಿ ನಯವಾಗುತ್ತದೆ. ಗೋಡೆಯೂ ತೆಳುವಾಗಿ ಬಲಗುಂದುತ್ತದೆ. ಆದಕಾರಣ ಸಂಪುಟವನ್ನು ರಚಿಸುವವರು ಮೊದಲು ಗೊತ್ತುಮಾಡಬೇಕಾದುದು ಕಣದ ಅಳತೆಯನ್ನು. ಒಳಗೆ ಏನು ಹೋಗಬೇಕು, ಹೊರಗೆ ಏನು ನಿಲ್ಲಬೇಕು, ಗೋಡೆ ಎಷ್ಟು ಒತ್ತಡವನ್ನು ತಾಳಬೇಕು ಎಂಬ ಮೂರು ಪ್ರಶ್ನೆಗಳಿಗೂ ಅದೊಂದೇ ಅಳತೆ ಉತ್ತರ ಕೊಡಬೇಕಾಗುತ್ತದೆ.